ಕೈಗೆಟುಕುವ ದೂರ

ಓದುಗರ ಪ್ರಶ್ನೆಗಳಿಗೆ ನಿವೃತ್ತ ಗ್ರಂಥಪಾಲಕಿಯ ಉತ್ತರ

ಪ್ರಶ್ನೆ: ನನಗೆ ಮೂವತ್ತನಾಲ್ಕು ವರ್ಷ. ಊರು ಹೊಸದುರ್ಗದ ಹತ್ತಿರ, ಕೆಲಸ ಬೆಂಗಳೂರಿನಲ್ಲಿ. ಸಂಬಳ, ಮನೆ, ಹೆಂಡತಿ, ಮಗು ಎಲ್ಲವೂ ಇದೆ. ಆದರೂ ರಾತ್ರಿ ಒಂದು ಗಂಟೆಯವರೆಗೆ ಮೊಬೈಲ್ ನೋಡುತ್ತಾ ಬಿದ್ದುಕೊಂಡಿರುತ್ತೇನೆ. ಬೆಳಿಗ್ಗೆ ತಲೆಭಾರ, ಮಗುವಿನ ಮೇಲೆ ಸಿಡುಕು. ಪ್ರತಿ ಯುಗಾದಿಗೂ ಸಂಕಲ್ಪ ಮಾಡುತ್ತೇನೆ, ಒಂದು ವಾರ ದಾಟುವುದಿಲ್ಲ. ನನ್ನ ಮನಸ್ಸು ಅಷ್ಟೊಂದು ದುರ್ಬಲವೇ?
– ಒಬ್ಬ ಓದುಗ, ಬೆಂಗಳೂರು

ಉತ್ತರ: ಮನಸ್ಸಿನ ಮಾತು ಆಮೇಲೆ. ರಾತ್ರಿ ಮೊಬೈಲನ್ನು ಚಾರ್ಜಿಗೆ ಹಾಕುವುದು ಎಲ್ಲಿ? ನೀವು ಬರೆದಿಲ್ಲ. ತಲೆದಿಂಬಿನ ಪಕ್ಕದ ಪ್ಲಗ್ಗಿನಲ್ಲಿ ಎಂದು ನನ್ನ ಊಹೆ.

ಹಾಸನ ಜಿಲ್ಲೆಯ ಸಾರ್ವಜನಿಕ ಗ್ರಂಥಾಲಯಗಳಲ್ಲಿ ನಾನು ಮೂವತ್ತೊಂದು ವರ್ಷ ಕೆಲಸ ಮಾಡಿದೆ. ಜನರ ಬಗ್ಗೆ ನಾನು ಕಲಿತದ್ದರಲ್ಲಿ ಹೆಚ್ಚಿನದನ್ನು ಕಲಿಸಿದ್ದು ಕಪಾಟುಗಳು. ಕೆಳಸಾಲಿನಲ್ಲಿ, ಬಗ್ಗಿ ತೆಗೆಯಬೇಕಾದ ಕಡೆ ಇಟ್ಟ ಪುಸ್ತಕವನ್ನು, ಅದೆಷ್ಟೇ ಒಳ್ಳೆಯದಿರಲಿ, ಯಾರೂ ಮುಟ್ಟುತ್ತಿರಲಿಲ್ಲ. ಒಂದು ಬೇಸಿಗೆಯಲ್ಲಿ ಅಂಥ ನಲವತ್ತು ಪುಸ್ತಕಗಳನ್ನು ಎತ್ತಿ ತಂದೆ. ಕೆಲವದರ ಹಿಂದಿನ ಚೀಟಿಯಲ್ಲಿ ಎಂಟು ವರ್ಷಗಳಿಂದ ತಾರೀಕಿನ ಮುದ್ರೆಯೇ ಬಿದ್ದಿರಲಿಲ್ಲ. ದೂಳು ಒರೆಸಿ, ಜನ ಚಪ್ಪಲಿ ಬಿಟ್ಟು ಒಳಗೆ ಕಾಲಿಡುವ ಜಾಗದಲ್ಲೇ ಒಂದು ಮೇಜು ಹಾಕಿಸಿ ಅದರ ಮೇಲೆ ಹರಡಿದೆ. ಮಳೆಗಾಲ ಹಿಡಿಯುವ ಹೊತ್ತಿಗೆ ಮೂವತ್ತು ಪುಸ್ತಕಗಳು ಯಾರ ಯಾರದೋ ಮನೆ ಸೇರಿದ್ದವು. ಓದುಗರು ಅವರೇ, ಪುಸ್ತಕಗಳೂ ಅವೇ. ಬದಲಾದದ್ದು ಹದಿನೈದು ಹೆಜ್ಜೆಯ ದೂರ ಮಾತ್ರ.

ನಮ್ಮ ದಿನವನ್ನು ನಡೆಸುವುದು ಕೈಗೆ ಸುಲಭವಾಗಿ ಏನು ಸಿಗುತ್ತದೆ ಎಂಬುದು. ಈ ಮಾತನ್ನು ನಾನು ಗಟ್ಟಿಯಾಗಿ ನಂಬುತ್ತೇನೆ. ದಣಿದು ಮಲಗಿದವನ ಕೈಗೆ ಮೊಬೈಲ್ ಸಿಕ್ಕರೆ ಅವನು ಮೊಬೈಲ್ ನೋಡುತ್ತಾನೆ, ಅದಕ್ಕೆ ದುರ್ಬಲ ಮನಸ್ಸು ಬೇಕಿಲ್ಲ. ಆದ್ದರಿಂದ ಸಂಕಲ್ಪವನ್ನು ಬಿಡಿ, ಚಾರ್ಜರನ್ನು ಕೀಳಿ. ಅದು ಅಡುಗೆಮನೆಯಲ್ಲಿ, ಮಿಕ್ಸಿಯ ಪಕ್ಕದಲ್ಲಿ ಇರಲಿ. ಅಲಾರಂಗೆಂದು ಒಂದು ಸಾದಾ ಗಡಿಯಾರ ಕೊಳ್ಳಿ. ಮೊಬೈಲ್ ಇದ್ದ ಜಾಗವನ್ನು ಮಾತ್ರ ಖಾಲಿ ಬಿಡಬೇಡಿ, ಖಾಲಿ ಜಾಗ ಹಳೆಯದನ್ನೇ ಕರೆಯುತ್ತದೆ. ಮಗುವಿನ ಕಥೆಪುಸ್ತಕವನ್ನು ಅಲ್ಲಿಡಿ.

ಇಪ್ಪತ್ತೊಂದು ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎಂದು ನಿಮಗೆ ಯಾರಾದರೂ ಹೇಳಿಯೇ ಇರುತ್ತಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು ಹನ್ನೆರಡು ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಹೊಸ ರೂಢಿ ತಾನಾಗಿಯೇ ನಡೆಯುವ ಹಂತಕ್ಕೆ ಬರಲು ಸುಮಾರು 66 ದಿನ ಬೇಕಾಯಿತು. ಅವರ ಲೆಕ್ಕದಲ್ಲಿ ಕೆಲವರಿಗೆ 18 ದಿನ ಸಾಕು, ಕೆಲವರಿಗೆ 254 ಬೇಕು. ನಡುವೆ ಒಂದು ದಿನ ತಪ್ಪಿದರೆ ಕೆಲಸ ಕೆಡಲಿಲ್ಲ ಎಂಬುದೂ ಅದರಲ್ಲೇ ಇದೆ. ನಿಮ್ಮ ಯುಗಾದಿಯ ಸಂಕಲ್ಪಗಳು ಸತ್ತದ್ದು ಎಂಟನೆಯ ದಿನ ತಪ್ಪಿದ್ದಕ್ಕಲ್ಲ, ತಪ್ಪಿದ ಕೂಡಲೇ ‘ಎಲ್ಲ ಮುಗಿಯಿತು’ ಎಂದು ನೀವು ತೀರ್ಮಾನಿಸಿದ್ದಕ್ಕೆ ಇರಬೇಕು. ಒಂಬತ್ತನೆಯ ದಿನ ಮತ್ತೆ ಅಡುಗೆಮನೆಗೆ ಹೋಗಿ ಚಾರ್ಜಿಗೆ ಹಾಕಿ.

ಇನ್ನೊಂದು ಮಾತು. ಮೊಬೈಲ್ ದೂರವಿಟ್ಟ ಮೇಲೂ ವಾರಗಟ್ಟಲೆ ನಿದ್ದೆ ಬರದಿದ್ದರೆ, ಯಾವುದರಲ್ಲೂ ಆಸಕ್ತಿ ಹುಟ್ಟದಿದ್ದರೆ, ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ಪ್ರಶ್ನೆ: ಮಕ್ಕಳಿಬ್ಬರೂ ಹೊರಊರಿನಲ್ಲಿದ್ದಾರೆ. ಪಕ್ಕದ ಮನೆಯವರು ದಿನವೂ ಹನ್ನೊಂದು ಗಂಟೆಗೆ ಬಂದು ಕುಳಿತು ಸೊಸೆಯನ್ನು, ನಾದಿನಿಯನ್ನು, ಬೀದಿಯವರನ್ನು ದೂರುತ್ತಾರೆ. ಅವರು ಹೋದ ಮೇಲೆ ಮಧ್ಯಾಹ್ನದ ಊಟವೂ ರುಚಿಸುವುದಿಲ್ಲ. ‘ನಕಾರಾತ್ಮಕ ಜನರಿಂದ ದೂರವಿರಿ’ ಎಂದು ಎಲ್ಲೆಲ್ಲೂ ಓದುತ್ತೇನೆ. ಒಡನಾಟ ನಿಲ್ಲಿಸಲೇ?
– ಗೃಹಿಣಿ, ದಾವಣಗೆರೆ

ಉತ್ತರ: ನಿಲ್ಲಿಸಬೇಡಿ. ಆ ಬುದ್ಧಿವಾದವನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ದುಃಖದಲ್ಲಿರುವವರಿಂದ ಎಲ್ಲರೂ ದೂರ ಸರಿದರೆ ಅವರು ಹೋಗುವುದೆಲ್ಲಿಗೆ?

ಆದರೆ ನಿಮ್ಮ ಅನುಭವವನ್ನು ತಳ್ಳಿಹಾಕುತ್ತಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1948ರಿಂದ ಹೃದ್ರೋಗದ ಬಗ್ಗೆ ದೊಡ್ಡದೊಂದು ಅಧ್ಯಯನ ನಡೆದಿದೆ. ಅದರಲ್ಲಿದ್ದ 4,739 ಜನರ ಇಪ್ಪತ್ತು ವರ್ಷಗಳ ಮಾಹಿತಿಯನ್ನು ಕ್ರಿಸ್ಟಾಕಿಸ್ ಮತ್ತು ಫೌಲರ್ ಎಂಬ ಇಬ್ಬರು ಪರಿಶೀಲಿಸಿ, 2008ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಒಂದು ಮೈಲಿಯೊಳಗಿನ ಗೆಳೆಯರೊಬ್ಬರು ಸಂತೋಷಗೊಂಡರೆ ನಾವೂ ಸಂತೋಷವಾಗಿರುವ ಸಾಧ್ಯತೆ ಶೇಕಡ 25ರಷ್ಟು, ಪಕ್ಕದ ಮನೆಯವರಾದರೆ ಶೇಕಡ 34ರಷ್ಟು ಹೆಚ್ಚುತ್ತದೆ ಎಂದು ಅವರಿಗೆ ಕಂಡಿತು. ಒಂದೇ ಸ್ವಭಾವದವರು ಒಟ್ಟು ಸೇರುವುದರಿಂದ ಹಾಗೆ ಕಾಣಿಸಿರಬಹುದು ಎಂದು ಬೇರೆ ವಿದ್ವಾಂಸರು ಆಕ್ಷೇಪಿಸಿದ್ದಾರೆ, ಅದೂ ಯೋಚಿಸಬೇಕಾದ ಮಾತೇ. ಆದರೂ ನೆರೆಮನೆಯ ಗಾಳಿ ನಮ್ಮ ಮನೆಗೂ ಬೀಸುತ್ತದೆ ಎಂಬುದನ್ನು ನಮ್ಮ ಕೇರಿಗಳಲ್ಲಿ ಬೆಳೆದ ಯಾರೂ ಅಲ್ಲಗಳೆಯಲಾರರು. ಗಾಳಿ ಎರಡೂ ಕಡೆಗೆ ಬೀಸುತ್ತದೆ ಎಂಬುದನ್ನು ಮರೆಯಬೇಡಿ. ನೀವೂ ಅವರ ಪಕ್ಕದ ಮನೆಯವರೇ.

ನಮ್ಮ ಅಮ್ಮನಿಗೂ ಇಂಥ ಒಬ್ಬ ನೆರೆಯಾಕೆ ಇದ್ದರು. ಜಗಲಿಯ ಮೇಲೆ ಕುಳಿತರೆ ಎರಡು ಗಂಟೆ ದೂರು. ಅಮ್ಮ ಒಂದು ದಿನವೂ ‘ಸಾಕು’ ಎಂದವಳಲ್ಲ. ಮಾರ್ಗಶಿರದ ಚಳಿ ಬಿದ್ದು ಸೊಗಡಿನ ಅವರೆಕಾಯಿ ಸಂತೆಗೆ ಬಂದಾಗ, ಆಕೆ ಬರುವ ಹೊತ್ತಿಗೆ ಸರಿಯಾಗಿ ಮೊರದ ತುಂಬ ಕಾಯಿ ಸುರಿದುಕೊಂಡು ಕೂರುತ್ತಿದ್ದಳು. ಮಾತು ಶುರುವಾಗುವ ಮೊದಲೇ ಆಕೆಯ ಮುಂದೆಯೂ ಒಂದು ಮೊರ. ಬಿಡಿಸಿದ ಕಾಳು ರಾತ್ರಿಯಿಡೀ ನೆನೆಯಬೇಕು, ಮರುದಿನ ಹಿತುಕಬೇಕು. ಹಾಗಾಗಿ ಮರುದಿನಕ್ಕೂ ಕೆಲಸ ಉಳಿಯುತ್ತಿತ್ತು. ಬೆರಳುಗಳು ಅವರೆಯ ಸೊಗಡಿನಲ್ಲಿ ಅಂಟಂಟಾಗುತ್ತಿದ್ದಂತೆ ದೂರು ಎಲ್ಲೋ ದಾರಿ ತಪ್ಪಿ, ತವರುಮನೆಯ ಸಾರಿನ ಕಡೆಗೆ, ಎಳೆತನದ ಜಾತ್ರೆಯ ಕಡೆಗೆ ಹೊರಳುತ್ತಿತ್ತು. ಹೋಗುವಾಗ ಆಕೆಯ ಸೆರಗಿನಲ್ಲಿ ಒಂದು ಪಾವು ಹಿತುಕಿದ ಬೇಳೆ ಇರುತ್ತಿತ್ತು. ಅಮ್ಮ ಇದನ್ನು ಉಪಾಯವೆಂದು ಮಾಡಿದಳೋ, ಕೆಲಸ ಸಾಗಲೆಂದು ಮಾಡಿದಳೋ ನಾನು ಕೇಳಲಿಲ್ಲ. ಕೇಳಬೇಕಿತ್ತು.

ಸುಮ್ಮನೆ ಎದುರುಬದುರು ಕುಳಿತರೆ ಮಾತು ಗಾಯದ ಹತ್ತಿರವೇ ಸುತ್ತುತ್ತದೆ. ಹನ್ನೊಂದಕ್ಕೆ ಅವರು ಬಂದಾಗ ಸೊಪ್ಪಿನ ಕಂತೆ ಮುಂದಿಡಿ, ಇಲ್ಲವೇ ‘ತರಕಾರಿಗೆ ಹೊರಟಿದ್ದೆ, ಬನ್ನಿ’ ಎಂದು ಜೊತೆಗೆ ಕರೆದುಕೊಂಡು ಹೋಗಿ. ವಾರದಲ್ಲಿ ಎರಡು ದಿನ ‘ಇವತ್ತು ಕೆಲಸವಿದೆ’ ಎಂದು ಬಾಗಿಲಲ್ಲೇ ಹೇಳುವ ಹಕ್ಕೂ ನಿಮಗಿದೆ.

ಪ್ರಶ್ನೆ: ಸಿಂಧನೂರಿನಿಂದ ಬಂದು ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಬಾಡಿಗೆ ಕೊಠಡಿಗೆ ಕಿಟಕಿ ಇಲ್ಲ. ಹತ್ತು ಗಂಟೆ ಕುಳಿತರೂ ತಲೆಗೆ ಹತ್ತುವುದಿಲ್ಲ, ಅಳು ಬರುತ್ತದೆ.
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಮಗಳೇ, ಕಿಟಕಿಯಿಲ್ಲದ ಕೊಠಡಿಯಲ್ಲಿ ಹತ್ತು ಗಂಟೆ ಕುಳಿತವರಿಗೆ ಅಳು ಬಂದರೆ ಅದು ನಿನ್ನ ಓದಿನ ದೋಷವಲ್ಲ. ರೋಜರ್ ಅಲ್ರಿಕ್ ಎಂಬವರು 1984ರಲ್ಲಿ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯ ದಾಖಲೆಗಳನ್ನು ನೋಡಿ ಬರೆದರು: ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳಲ್ಲಿ ಅರ್ಧದಷ್ಟು ಜನರ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಉಳಿದವರಿಗೆ ಇಟ್ಟಿಗೆಯ ಗೋಡೆ. ಮರ ಕಂಡವರು ಬೇಗ ಮನೆಗೆ ಹೋದರು, ತೀವ್ರ ನೋವಿನ ಮದ್ದನ್ನೂ ಕಡಿಮೆ ಕೇಳಿದರು. ಸಣ್ಣ ಅಧ್ಯಯನ, ಆದರೆ ನನ್ನ ಓದುಗರು ಪ್ರತಿ ಬೆಳಿಗ್ಗೆ ಹೊಂಗೆಮರದ ಕಡೆಯ ಬೆಂಚಿಗಾಗಿ ಪೈಪೋಟಿ ನಡೆಸುತ್ತಿದ್ದುದನ್ನು ಕಂಡ ನನಗೆ ಅದನ್ನು ನಂಬಲು ಕಷ್ಟವಾಗಲಿಲ್ಲ.

ಕೊಠಡಿ ನಿದ್ದೆಗೆ ಮಾತ್ರ ಇರಲಿ. ಬೆಳಿಗ್ಗೆ ಅರ್ಧ ಗಂಟೆ ಕೆಲಗೇರಿ ಕೆರೆಯ ಕಡೆ ನಡೆದು ಬಾ, ಬಿಸಿಲು ಕಣ್ಣಿಗೆ ಬೀಳಲಿ. ಆಮೇಲೆ ಪುಸ್ತಕ ಹಿಡಿದು ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗು. ಅಲ್ಲಿ ಕುಳಿತು ಓದಲು ಯಾರ ಹಂಗೂ ಬೇಡ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಂತೆ ಜನ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನೂ ಕಟ್ಟುತ್ತಾರೆ. ಆ ಕುರ್ಚಿ ಊರಿನವರೆಲ್ಲ ಸೇರಿ ನಿನಗಾಗಿ ಹಾಕಿಸಿದ್ದು. ಸುತ್ತ ಹತ್ತು ಜನ ಮೌನವಾಗಿ ಓದುತ್ತಿದ್ದರೆ ನಿನ್ನ ಕಣ್ಣೂ ಸಾಲು ಹಿಡಿಯುತ್ತದೆ. ಅಳು ಆಗಲೂ ನಿಲ್ಲದಿದ್ದರೆ ಮೇಲೆ ಕೊಟ್ಟಿರುವ ಸಹಾಯವಾಣಿ ನಿನಗೂ ಇದೆ.

ಪ್ರಶ್ನೆ: ಸಂತೋಷವಾಗಿರಲು ಎಷ್ಟು ಹಣ ಬೇಕು?
– ಓದುಗರು, ಹುಬ್ಬಳ್ಳಿ

ಉತ್ತರ: ಬಾಡಿಗೆಗೆ, ಔಷಧಿಗೆ, ಮಕ್ಕಳ ಶುಲ್ಕಕ್ಕೆ ಯಾರ ಮುಂದೆಯೂ ಕೈಯೊಡ್ಡದಷ್ಟು ಖಂಡಿತ ಬೇಕು. ಅಷ್ಟೂ ಇಲ್ಲದವರಿಗೆ ‘ಸಂತೋಷ ನಿಮ್ಮೊಳಗೇ ಇದೆ’ ಎಂದು ಹೇಳುವುದು ಅನ್ಯಾಯ, ನಾನು ಹೇಳಲಾರೆ.

ಪ್ರಶ್ನೆ: ನಿವೃತ್ತನಾಗಿ ಎರಡು ವರ್ಷ. ಎದ್ದ ಕೂಡಲೇ ಟಿ.ವಿ. ಹಾಕಿ ಸುದ್ದಿ ನೋಡುವುದು ರೂಢಿ. ಚರ್ಚೆಗಳಲ್ಲಿ ಬರೀ ಕೂಗಾಟ. ಒಂಬತ್ತು ಗಂಟೆಯ ಹೊತ್ತಿಗೆ ಲೋಕವೇ ಕೆಟ್ಟಿದೆ ಅನ್ನಿಸುತ್ತದೆ. ರಕ್ತದೊತ್ತಡವೂ ಏರಿದೆ.
– ನಿವೃತ್ತ ನೌಕರ, ಮಂಡ್ಯ

ಉತ್ತರ: ರಕ್ತದೊತ್ತಡಕ್ಕೆ ವೈದ್ಯರು ಕೊಟ್ಟ ಮಾತ್ರೆಯನ್ನು ತಪ್ಪಿಸಬೇಡಿ. ಟಿ.ವಿ.ಯನ್ನು ಹತ್ತು ಗಂಟೆಯವರೆಗೆ ಮುಚ್ಚಿಡಿ, ಸುದ್ದಿ ಬೇಕಾದರೆ ಪತ್ರಿಕೆ ಓದಿ. ಪತ್ರಿಕೆ ಕೂಗುವುದಿಲ್ಲ, ಬೇಡವಾದ ಪುಟವನ್ನು ಮಗುಚುವ ಅಧಿಕಾರ ನಿಮ್ಮ ಬೆರಳಿಗಿರುತ್ತದೆ.

ಕಿವಿಗೆ ಏನಾದರೂ ಬೀಳಲೇಬೇಕೆಂದರೆ ರೇಡಿಯೊ ಇದೆ. ನೀವು ಮೈಸೂರಿನ ಪಕ್ಕದವರು, ಹಾಗಾಗಿ ಇದು ನೆನಪಾಯಿತು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಪುಟ್ಟದೊಂದು ಬಾನುಲಿ ಕೇಂದ್ರ ತೆರೆದ ಎಂ.ವಿ. ಗೋಪಾಲಸ್ವಾಮಿ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ‘ಆಕಾಶವಾಣಿ’ ಎಂಬ ಹೆಸರು ಮೊದಲು ಕೇಳಿಸಿದ್ದು ಆ ಕೇಂದ್ರದಿಂದ. ಮನಸ್ಸನ್ನು ಓದುವುದೇ ವೃತ್ತಿಯಾಗಿದ್ದವರೊಬ್ಬರು ಊರಿನ ಕಿವಿಗೆ ಒಳ್ಳೆಯದೇನಾದರೂ ಬೀಳಲೆಂದು ತಮ್ಮ ಮನೆಯನ್ನೇ ಬಿಟ್ಟುಕೊಟ್ಟರು ಎಂದು ನೆನೆದಾಗಲೆಲ್ಲ ನನಗೆ ಗೌರವ ಹೆಚ್ಚುತ್ತದೆ. ಬೆಳಗಿನ ವೀಣೆಯನ್ನೋ ಕೃಷಿಕರ ಮಾತನ್ನೋ ಕೇಳಿಸಿಕೊಳ್ಳುತ್ತಾ ಗಿಡಗಳಿಗೆ ನೀರು ಹಾಕಿ. ಒಂದು ತಿಂಗಳ ಮೇಲೆ ಮತ್ತೆ ಬರೆಯಿರಿ.

ಪ್ರಶ್ನೆ: ನೀವು ಎಲ್ಲರಿಗೂ ‘ಜಾಗ ಬದಲಿಸಿ’ ಎನ್ನುತ್ತೀರಿ. ನಿಮ್ಮ ಮನೆಯಲ್ಲಿ ಏನನ್ನು ಬದಲಿಸಿದ್ದೀರಿ?
– ಓದುಗರು, ಶಿವಮೊಗ್ಗ

ಉತ್ತರ: ಊಟದ ಮೇಜನ್ನು.

ನಮ್ಮ ಯಜಮಾನರು ತೀರಿಕೊಂಡು ನಾಲ್ಕು ವರ್ಷವಾಯಿತು. ಅವರ ಕುರ್ಚಿಯ ಎದುರು ಕುಳಿತು ಉಣ್ಣಲಾರದೆ ಏಳೆಂಟು ತಿಂಗಳು ಅಡುಗೆಮನೆಯ ಕಟ್ಟೆಯ ಮುಂದೆ ನಿಂತೇ ಉಂಡೆ. ನಿಂತು ಉಣ್ಣುವವರು ಎರಡು ತುತ್ತಿಗೇ ಮುಗಿಸುತ್ತಾರೆ. ಮೈ ಇಳಿಯಿತು, ಯಾರೊಂದಿಗೂ ಮಾತು ಬೇಡವಾಯಿತು. ಕಪಾಟು, ಮೇಜು ಎಂದು ಜೀವಮಾನವೆಲ್ಲ ಜೋಡಿಸಿದ ನನಗೆ ನನ್ನ ಮನೆಯ ಮೇಜು ಮಾತ್ರ ಕಾಣಿಸಿರಲಿಲ್ಲ. ದೀಪಾವಳಿಗೆ ಬಂದ ಮಗಳು ನೋಡಿದಳು. ಏನನ್ನೂ ಹೇಳದೆ, ಪಕ್ಕದ ಮನೆಯ ಹುಡುಗನನ್ನು ಕರೆದು, ಇಬ್ಬರೂ ಹಿಡಿದು ಮೇಜನ್ನು ಹಿತ್ತಿಲ ಪಡಸಾಲೆಗೆ, ನುಗ್ಗೆಮರದ ನೆರಳು ಬೀಳುವ ಕಡೆಗೆ ಸಾಗಿಸಿದರು. ಅವರ ಕುರ್ಚಿಯೂ ಅಲ್ಲಿಗೇ ಹೋಯಿತು, ಆದರೆ ಈಗ ಅದು ನನ್ನ ಎದುರಿಗಿಲ್ಲ, ಪಕ್ಕಕ್ಕಿದೆ.

ಹಿತ್ತಿಲಿನಲ್ಲಿ ಕುಳಿತರೆ ಹಿಂದಿನ ಬೀದಿ ಕಾಣುತ್ತದೆ. ಬೀದಿಯವರಿಗೆ ನಾನೂ ಕಾಣುತ್ತೇನೆ. ಹಾಗೆ ಕಂಡೇ, ಹೂ ಕಟ್ಟುವವರ ಮನೆಯ ಮೂರನೆಯ ತರಗತಿಯ ಹುಡುಗಿ ಒಂದು ಸಂಜೆ ಬೇಲಿಯಾಚೆ ನಿಂತು ‘ಅಜ್ಜಿ, ಲೆಕ್ಕ ಹೇಳಿಕೊಡುತ್ತೀರಾ?’ ಎಂದು ಕೇಳಿದಳು. ಈಗ ದಿನವೂ ಐದು ಗಂಟೆಗೆ ಬಂದು ಆ ಕುರ್ಚಿಯಲ್ಲೇ ಕೂರುತ್ತಾಳೆ, ಕಾಲು ನೆಲಕ್ಕೆ ಎಟುಕುವುದಿಲ್ಲ. ಮೇಜಿನ ಮೇಲೆ ಪೆನ್ಸಿಲ್ ಕೆತ್ತಿದ ಚೂರುಗಳು. ಏಳರ ಮಗ್ಗಿ ಬಾಯಿಗೆ ಬಂದಿದೆ, ಎಂಟರದ್ದು ಎಂಟಾರಲಿಗೆ ಬಂದು ನಿಲ್ಲುತ್ತದೆ. ಇದನ್ನು ಬರೆಯುವಾಗ ನಾಲ್ಕೂ ಮುಕ್ಕಾಲು. ಹಿತ್ತಿಲ ಬಾಗಿಲ ಅಗುಳಿ ತೆಗೆದಿಡಬೇಕು.