ಬಣ್ಣದ ಕುರ್ಚಿ ಬೇಕೆ? ಮೊದಲು ಮಾಡಿದವರ ಹೆಸರು ಹುಡುಕಿ

ಪ್ರಶ್ನೆ: ಹೊಸದಾಗಿ ಮನೆ ಕಟ್ಟಿಸಿದ್ದೇವೆ. ಗೋಡೆಗಳಿಗೆಲ್ಲ ಬಿಳಿ ಬಣ್ಣ ಹೊಡೆಸಿರುವುದರಿಂದ ಕುರ್ಚಿ, ಟೀಪಾಯಿ, ದೀಪಗಳಾದರೂ ಬಣ್ಣಬಣ್ಣದವಾಗಿರಲಿ ಎಂಬ ಆಸೆಯಿದೆ. ಆನ್‌ಲೈನ್ ಅಂಗಡಿಗಳಲ್ಲಿ ನೋಡಿದರೆ ಎಲ್ಲೆಡೆ ಅದೇ ಬೂದು ಸೋಫಾ, ಅದೇ ಕಂದು ಮೇಜು. ಹೊಸ ವಿನ್ಯಾಸಕಾರರು ಒಳ್ಳೆಯ ವಸ್ತುಗಳನ್ನು ಮಾಡುತ್ತಿದ್ದಾರೆಂದು ಕೇಳಿದ್ದೇನೆ. ಅವರನ್ನು ಹುಡುಕುವುದು ಹೇಗೆ?
– ಗೃಹಿಣಿ, ಶಿವಮೊಗ್ಗ

ಉತ್ತರ: ದೊಡ್ಡ ಅಂಗಡಿಗಳ ತಾಣದಲ್ಲಿ ‘ಬಣ್ಣದ ಕುರ್ಚಿ’ ಎಂದು ಹುಡುಕಿದಾಗ ಮೊದಲು ಕಾಣಿಸುವುದು ಸಾಮಾನ್ಯವಾಗಿ ಹೆಚ್ಚು ಮಾರಾಟವಾಗುವ ಅಥವಾ ಜಾಹೀರಾತಿಗೆ ಹಣ ಕಟ್ಟಿರುವ ಸರಕು. ಸಣ್ಣ ಕಾರ್ಖಾನೆಯಲ್ಲಿ ಒಂದೊಂದಾಗಿ ಕುರ್ಚಿ ಮಾಡಿಸುವ ಕಿರಿಯರು ಆ ಪಟ್ಟಿಯ ಮೇಲಕ್ಕೆ ಬರುವುದು ಕಷ್ಟ. ಆದ್ದರಿಂದ ನೀವು ವಸ್ತುವನ್ನು ಹುಡುಕುವುದನ್ನು ಬಿಟ್ಟು, ಅದನ್ನು ಮಾಡುವವರ ಹೆಸರನ್ನು ಹುಡುಕಬೇಕು.

ಹೆಸರುಗಳು ಸಿಗುವ ಮೊದಲ ಜಾಗ ವಿನ್ಯಾಸ ಶಾಲೆಗಳು. 1961ರಲ್ಲಿ ಆರಂಭವಾದ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, 1969ರಲ್ಲಿ ಶುರುವಾದ ಮುಂಬೈ ಐಐಟಿಯ ವಿನ್ಯಾಸ ಕೇಂದ್ರ, ನಮ್ಮ ಬೆಂಗಳೂರಿನ ಸೃಷ್ಟಿ ಮೊದಲಾದ ಕಡೆಗಳಲ್ಲಿ ಓದು ಮುಗಿಸುವ ವಿದ್ಯಾರ್ಥಿಗಳ ಕೊನೆಯ ವರ್ಷದ ಕೆಲಸಗಳು ಪ್ರದರ್ಶನಗೊಳ್ಳುತ್ತವೆ, ಮತ್ತು ಅವುಗಳಲ್ಲಿ ಅನೇಕವನ್ನು ಅಂತರ್ಜಾಲದಲ್ಲಿಯೂ ನೋಡಬಹುದು. ಮೆಚ್ಚಿಗೆಯಾದ ಕೆಲಸದ ಕೆಳಗಿರುವ ಹೆಸರನ್ನು ಬರೆದುಕೊಂಡು, ಆ ಹೆಸರಿನಲ್ಲಿ ಇನ್‌ಸ್ಟಾಗ್ರಾಂ ಪುಟವಿದೆಯೇ ಎಂದು ನೋಡಿ. ಎರಡು ಮೂರು ವರ್ಷಗಳ ಬಳಿಕ ಅವರಲ್ಲಿ ಕೆಲವರಾದರೂ ಸ್ವಂತ ಸ್ಟುಡಿಯೋ ತೆರೆದಿರುತ್ತಾರೆ. ವಿದೇಶದ ಹೆಸರುಗಳ ಬಗ್ಗೆ ಕುತೂಹಲವಿದ್ದರೆ ಇಟಲಿಯ ಮಿಲಾನಿನ ಪೀಠೋಪಕರಣ ಮೇಳದ ಭಾಗವಾಗಿ 1998ರಿಂದ ನಡೆಯುತ್ತಿರುವ ‘ಸಲೋನೆ ಸ್ಯಾಟಲೈಟ್’ ಇದೆ; ಅದು 35 ವರ್ಷದೊಳಗಿನ ವಿನ್ಯಾಸಕಾರರಿಗೆಂದೇ ಮೀಸಲಾದ ವಿಭಾಗ. ಅಲ್ಲಿಂದ ತರಿಸಿಕೊಳ್ಳಲು ಸಾಗಣೆ ವೆಚ್ಚ, ಸುಂಕಗಳು ಬಿಡುವುದಿಲ್ಲವಾದರೂ ಬಣ್ಣಗಳನ್ನು ಹೇಗೆ ಜೋಡಿಸುತ್ತಾರೆಂದು ನೋಡಿ ಕಣ್ಣು ಪಳಗಿಸಿಕೊಳ್ಳಲು ಖರ್ಚೇನೂ ಇಲ್ಲ.

ಒಬ್ಬರು ಸಿಕ್ಕರೆ ಮುಂದಿನ ಹತ್ತು ಜನ ತಾವಾಗಿಯೇ ಸಿಗುತ್ತಾರೆ. ಕಿರಿಯ ವಿನ್ಯಾಸಕಾರರು ತಮ್ಮ ಚಿತ್ರಗಳ ಜೊತೆಗೆ ಕಬ್ಬಿಣದ ಕೆಲಸ ಮಾಡಿಕೊಟ್ಟ ಫ್ಯಾಬ್ರಿಕೇಟರ್, ಬಟ್ಟೆ ನೇಯ್ದವರು, ಜೊತೆಯಲ್ಲಿ ಮಳಿಗೆ ಹಾಕಿದ ಗೆಳೆಯರು ಎಲ್ಲರನ್ನೂ ಹೆಸರಿಸುವುದುಂಟು. ಆ ಹೆಸರುಗಳ ಬೆನ್ನು ಹತ್ತಿ. ನೀವು ಇಂಥ ಪುಟಗಳನ್ನು ನೋಡತೊಡಗಿದಂತೆ ನಿಮ್ಮ ಫೋನೂ ಇಂಥವನ್ನೇ ಹೆಚ್ಚಾಗಿ ತೋರಿಸಲು ಶುರುಮಾಡುತ್ತದೆ. ಈ ಒಂದು ವಿಷಯದಲ್ಲಿ ಅದರ ಚಾಳಿ ನಮಗೆ ಅನುಕೂಲವೇ.

ಗಾಢ ಬಣ್ಣದ ವಸ್ತುಗಳು ಮನೆಯ ಘನತೆಗೆ ಹೊಂದುವುದಿಲ್ಲವೆಂದು ಮನೆಯ ಹಿರಿಯರು ಆಕ್ಷೇಪಿಸಿದರೆ, 1981ರಲ್ಲಿ ಮಿಲಾನಿನಲ್ಲಿ ವಿನ್ಯಾಸಕಾರ ಎತೋರೆ ಸೊತ್ಸಾಸ್ ಮತ್ತು ಅವರ ಸಂಗಡಿಗರ ‘ಮೆಂಫಿಸ್’ ಗುಂಪು ಕೆಂಪು, ಹಳದಿ, ತಿಳಿನೀಲಿ ಲ್ಯಾಮಿನೇಟನ್ನು, ಅಂದರೆ ನಾವು ಸನ್‌ಮೈಕಾ ಎನ್ನುವ ಹಾಳೆಯನ್ನು, ಅಂಟಿಸಿದ ಕಪಾಟುಗಳನ್ನು ಪ್ರದರ್ಶನಕ್ಕಿಟ್ಟಾಗಲೂ ಇದೇ ಮಾತು ಬಂದಿತ್ತೆಂದು ಹೇಳಿ. ಆ ಕಪಾಟುಗಳು ಈಗ ವಸ್ತುಸಂಗ್ರಹಾಲಯಗಳಲ್ಲಿವೆ.

ಪ್ರಶ್ನೆ: ಒಂದು ಸಣ್ಣ ಸ್ಟುಡಿಯೋದ ಪುಟದಲ್ಲಿ ಹಳದಿ ಬಣ್ಣದ ಕಬ್ಬಿಣದ ಸ್ಟೂಲು ನೋಡಿದ್ದೇನೆ. ಬೆಲೆ ಜಾಸ್ತಿ, ಅರ್ಧ ಹಣವನ್ನು ಮುಂಗಡ ಕೇಳುತ್ತಾರೆ. ಪರದೆಯ ಮೇಲಿನ ಬಣ್ಣವೇ ಮನೆಗೆ ಬರುತ್ತದೆಂದು ನಂಬುವುದು ಹೇಗೆ?
– ನಿವೃತ್ತ ಅಧ್ಯಾಪಕರು, ಧಾರವಾಡ

ಉತ್ತರ: ಪರದೆಯನ್ನು ನಂಬಬೇಡಿ, ಸಂಖ್ಯೆಯನ್ನು ಕೇಳಿ. ಕಬ್ಬಿಣದ ಪೀಠೋಪಕರಣಕ್ಕೆ ಪೌಡರ್ ಕೋಟಿಂಗ್, ಅಂದರೆ ಬಣ್ಣದ ಪುಡಿಯನ್ನು ಕಾಯಿಸಿ ಹತ್ತಿಸುವ ಕೆಲಸ, ಮಾಡುವವರು ಸಾಮಾನ್ಯವಾಗಿ ‘ರಾಲ್’ ಎಂಬ ಬಣ್ಣದ ಪಟ್ಟಿಯನ್ನು ಅನುಸರಿಸುತ್ತಾರೆ. 1927ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಈ ಪಟ್ಟಿಯಲ್ಲಿ ಪ್ರತಿಯೊಂದು ಬಣ್ಣಕ್ಕೂ ನಾಲ್ಕಂಕಿಯ ಸಂಖ್ಯೆಯಿದ್ದು, 1023 ಎಂದರೆ ಒಂದು ನಿರ್ದಿಷ್ಟ ಹಳದಿ, 5002 ಎಂದರೆ ಒಂದು ನಿರ್ದಿಷ್ಟ ನೀಲಿ. ಸಂಖ್ಯೆ ಸಿಕ್ಕಿದರೆ ನಿಮ್ಮೂರಿನಲ್ಲೇ ಪೌಡರ್ ಕೋಟಿಂಗ್ ಮಾಡುವವರ ಬಳಿ ಹೋಗಿ ಶೇಡ್ ಕಾರ್ಡಿನಲ್ಲಿ ಆ ಬಣ್ಣವನ್ನು ಕಣ್ಣಾರೆ ನೋಡಬಹುದು. ಕಾರ್ಡನ್ನು ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ನೋಡಿ ತೀರ್ಮಾನಿಸದೆ ಬಾಗಿಲಾಚೆ ಹಗಲು ಬೆಳಕಿಗೆ ಹಿಡಿಯಿರಿ. ಹಳದಿ ಬೆಳಕಿನ ಬಲ್ಬಿನಡಿ ನೀಲಿ ಕಪ್ಪಿಟ್ಟಂತೆ ಕಾಣುತ್ತದೆ. ಬಟ್ಟೆ ಹೊದಿಸಿದ ವಸ್ತುವಾದರೆ ಒಂದು ತುಂಡು ಬಟ್ಟೆಯನ್ನು ಅಂಚೆಯಲ್ಲಿ ಕಳಿಸಲು ಹೇಳಿ. ಅದಕ್ಕೆ ಗೊಣಗುವವರಲ್ಲಿ ಸೋಫಾ ಕೊಳ್ಳುವುದು ಬೇಡವೆಂದೇ ನನ್ನ ಸಲಹೆ.

ಇನ್ನೊಂದನ್ನು ತಪ್ಪದೆ ಗಮನಿಸಬೇಕು. ಪುಟದಲ್ಲಿರುವುದು ನಿಜವಾದ ವಸ್ತುವಿನ ಫೋಟೋ ಅಲ್ಲದೆ ಕಂಪ್ಯೂಟರಿನಲ್ಲಿ ರಚಿಸಿದ ಚಿತ್ರವಾಗಿರಬಹುದು. ಮೇಜಿನ ನಾಲ್ಕೂ ಕಾಲುಗಳಲ್ಲಿ ಮರದ ಗ್ರೇನ್, ಅಂದರೆ ನಾರಿನ ಗೆರೆ, ಅಚ್ಚೊತ್ತಿದಂತೆ ಒಂದೇ ಆಗಿದ್ದರೆ, ಬೆಸುಗೆಯ ಗುರುತಾಗಲಿ ಸ್ಕ್ರೂ ಆಗಲಿ ಎಲ್ಲಿಯೂ ಕಾಣದಿದ್ದರೆ ಅನುಮಾನಿಸಿ. ಹಾಗೆ ಚಿತ್ರ ಹಾಕುವುದು ಮೋಸವೇನಲ್ಲ, ಮೊದಲ ಗಿರಾಕಿ ಸಿಗುವವರೆಗೆ ಮಾಡಿಸಲು ಬಂಡವಾಳ ಇರುವುದಿಲ್ಲ. ಆದರೆ ಆ ಮೊದಲ ಗಿರಾಕಿ ನೀವೇ ಎಂಬುದು ನಿಮಗೆ ತಿಳಿದಿರಬೇಕು. ಹಿಂದೆ ಮಾಡಿಕೊಟ್ಟ ವಸ್ತುವಿನ ವಿಡಿಯೋ ಕೇಳಿ, ವಿಶೇಷವಾಗಿ ಅದರ ತಳಭಾಗದ್ದು. ಸ್ಟೂಲಿನ ಕಾಲಿಗೆ ರಬ್ಬರ್ ಬುಷ್ ಹಾಕಿದ್ದಾರೆಯೇ, ಬೆಸುಗೆಯನ್ನು ಉಜ್ಜಿ ನಯಗೊಳಿಸಿದ್ದಾರೆಯೇ ಎಂಬುದು ಅಲ್ಲಿ ಗೊತ್ತಾಗುತ್ತದೆ.

ಬೇಡಿಕೆಯ ಮೇಲೆ ಮಾಡಿಕೊಡುವವರು ಮುಂಗಡ ಕೇಳುವುದು ರೂಢಿಯಲ್ಲಿರುವುದೇ. ಹಣ ಕೊಡುವ ಮುನ್ನ ಅಳತೆ, ಬಣ್ಣದ ಸಂಖ್ಯೆ, ತಲುಪಿಸುವ ದಿನಾಂಕ ಮೂರನ್ನೂ ಬರಹದಲ್ಲಿ ಪಡೆಯಿರಿ. 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳ ಪ್ರಕಾರ ಮಾರಾಟಗಾರರು ತಮ್ಮ ವಿಳಾಸವನ್ನೂ ದೂರು ಸ್ವೀಕರಿಸುವ ಅಧಿಕಾರಿಯ ವಿವರವನ್ನೂ ಕೊಡಬೇಕು; ದೋಷವಿರುವ ಅಥವಾ ಜಾಹೀರಾತಿನಲ್ಲಿ ಹೇಳಿದಂತೆ ಇರದ ವಸ್ತುವನ್ನು ಹಿಂಪಡೆಯಲು ನಿರಾಕರಿಸುವಂತಿಲ್ಲ. ತಕರಾರು ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ನಿಮ್ಮ ಮನಸ್ಸು ಬದಲಾದದ್ದಕ್ಕೆ ಮಾತ್ರ ಈ ರಕ್ಷಣೆ ಇಲ್ಲ.

ಪ್ರಶ್ನೆ: ಚನ್ನಪಟ್ಟಣದ ಬಣ್ಣದ ಕೆಲಸದಲ್ಲಿ ಈಗ ದೀಪ, ಬಟ್ಟಲು, ಪುಟ್ಟ ಸ್ಟೂಲುಗಳೂ ಬರುತ್ತಿವೆ. ಬಾಳಿಕೆ ಹೇಗೆ?
– ಓದುಗರು, ಮಂಡ್ಯ

ಉತ್ತರ: ಬಾಳಿಕೆ ಚೆನ್ನಾಗಿದೆ, ಬಿಸಿ ಮತ್ತು ಸ್ಪಿರಿಟ್ ಎರಡನ್ನು ದೂರವಿಟ್ಟರೆ. ಲೇತಿನಲ್ಲಿ ತಿರುಗುವ ಆಲೆ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ ಉಜ್ಜಾಟದ ಶಾಖಕ್ಕೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಆಮೇಲೆ ಕೇದಗೆಯ ಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ಶಾಖಕ್ಕೆ ಕರಗಿ ಕೂತ ಬಣ್ಣ ಶಾಖಕ್ಕೇ ಮತ್ತೆ ಮೆತ್ತಗಾಗುತ್ತದೆ. ಹಾಗಾಗಿ ಕಾಫಿ ಲೋಟವನ್ನು ನೇರವಾಗಿ ಅದರ ಮೇಲಿಡಬೇಡಿ, ಸ್ಯಾನಿಟೈಸರ್ ಹಾಕಿ ಒರೆಸಬೇಡಿ, ಒಣಬಟ್ಟೆ ಸಾಕು. ಬೆಂಗಳೂರಿನ ವರ್ಣಂನಂಥ ಸಂಸ್ಥೆಗಳು ಅಲ್ಲಿನ ಕುಶಲಕರ್ಮಿಗಳೊಡನೆ ಸೇರಿ ಹೊಸ ವಿನ್ಯಾಸದ ಮನೆಬಳಕೆಯ ವಸ್ತುಗಳನ್ನು ಮಾಡಿಸುತ್ತಿವೆ. ಕೊಳ್ಳುವಾಗ ಅರಗಿನ ಬಣ್ಣವೋ ಡಬ್ಬಿಯ ಪೇಂಟೋ ಎಂದು ಕೇಳಿ, ಬಟ್ಟಲಾದರೆ ಆಹಾರ ಹಾಕಬಹುದೇ ಎಂಬುದನ್ನೂ ವಿಚಾರಿಸಿ.