ಅತ್ತಿ ಹೋಗ್ಲಿ ಅಂದದ್ದು ದೊಡ್ಡ ಪಾಪೋ, ಪಾಟ್ಲಿ ಮುಚ್ಚಿಟ್ಟದ್ದೋ?

ಈ ಸಲದ ಪತ್ರ ಬೆಳಗಾವಿ ಕ್ಯಾಂಪ್ ಕಡೆಯಿಂದ ಬಂದೈತಿ. ಹೆಸರು ಹಾಕಬ್ಯಾಡ್ರಿ ಅಂದಾರ, ಭಾಳ ಉದ್ದ ಇತ್ತು, ಸ್ವಲ್ಪ ಸಣ್ಣದು ಮಾಡೀನಿ.

"ಅಕ್ಕಾರ, ನಾ ಗುಳೇದಗುಡ್ಡದಾಕಿ, ತವರಮನಿ ಸಿಎಸ್‌ಐ, ಅಂದ್ರ ಪ್ರೊಟೆಸ್ಟಂಟ್ ಸಭೆ. ಲಗ್ನಕ್ಕ ಮೊದಲ ಕ್ಯಾಥೊಲಿಕ್ ಆಗಿ ಬೆಳಗಾವಿಗೆ ಬಂದೆ. ಮಾವ ಮೊದಲ ತೀರ್ಕೊಂಡಾರ, ಮಕ್ಕಳು ಅಂದ್ರ ನಮ್ಮವ್ರು ಮತ್ತ ನಾದಿನಿ ಇಬ್ಬರ. ನಮ್ಮ ಅತ್ತಿಯವ್ರಿಗೆ ಲಕ್ವಾ ಹೊಡದು ಎರಡು ವರ್ಷ ಹಾಸಿಗಿ ಹಿಡದಿದ್ರು, ಎಲ್ಲಾ ನಾನ ಮಾಡ್ದೆ. ಒಂದಿನ ರಾತ್ರಿ ಮೂರನೇ ಸಲ ಚಾದರ ಬದಲಿ ಮಾಡೂವಾಗ 'ದೇವ್ರ, ಇವ್ರನ್ನ ಯಾವಾಗ ಕರ್ಕೋತೀ, ಲಗೂನ ಹೋಗ್ಲಿ' ಅಂತ ಮನಸ್ಸಿನಾಗ ಅಂದೆ. ಒಂದು ವಾರದಾಗ ನ್ಯುಮೋನಿಯಾ ಆಗಿ ಹೋಗೇಬಿಟ್ರು. ಸಿಟ್ಟು ಮಾಡಿದವರಿಗೂ ಕೊಲಿ ಮಾಡಿದವರಷ್ಟ ತೀರ್ಪು ಅಂತ ಬೈಬಲ್‌ನ್ಯಾಗ ಐತಿ, ನಾ ಅವ್ರನ್ನ ಕೊಂದಂಗ ಆತು. ನಮ್ಮವ್ವ ಪಾಪದಾಗ ಸಣ್ಣದು ದೊಡ್ಡದು ಇಲ್ಲ ಅಂತಾಳ. ಇಲ್ಲಿ ಕ್ಯಾಟಿಕಿಸಂ (ಧರ್ಮಬೋಧೆ) ಕ್ಲಾಸಿನಾಗ ಮಾರ್ಟಲ್ ಸಿನ್ ಅಂದ್ರ ಮಾರಕ ಪಾಪ ಬ್ಯಾರೆ, ವೀನಿಯಲ್ ಸಿನ್ ಅಂದ್ರ ಲಘು ಪಾಪ ಬ್ಯಾರೆ ಅಂದ್ರು, ಏಳು ದೊಡ್ಡ ಪಾಪದಾಗ ಸಿಟ್ಟೂ ಒಂದು ಅಂದ್ರು. ಹತ್ತು ತಿಂಗಳಾತು, ಪೂಜಿಗೆ ಹೋಗ್ತೀನಿ, ಅಲ್ಲಿ ಕೊಡೂ ಪರಮಪ್ರಸಾದ ತಗೊಳ್ಳಂಗಿಲ್ಲ. ಫಾದರ್ ನಮ್ಮ ಮನಿಯವ್ರಿಗೆ ಗುರ್ತು ಅದಾರ, ಅದಕ್ಕ ಅವ್ರ ಮುಂದ ಪಾಪ ಹೇಳ್ಕೊಳ್ಳೂ ಪಾಪನಿವೇದನೆಗೂ ಹೋಗಿಲ್ಲ. ನಾದಿನಿ ಫೋನ್ ಬಂದ್ರ ಎದಿ ಧಸಕ್ ಅಂತೈತಿ. ಅತ್ತಿ ತಮ್ಮ ನಾಕ ತೊಲಿ ಬಂಗಾರದ ಪಾಟ್ಲಿ (ಬಳಿ) ಆಕಿಗೆ ಕೊಡ್ರಿ ಅಂದಿದ್ರು, ಏನೂ ಬರದಿಟ್ಟಿಲ್ಲಲ್ಲ ಸುಮ್ನಿರು ಅಂತ ನಮ್ಮವ್ರು ಅಂದ್ರು, ಅದು ಬ್ಯಾರೆ ವಿಷಯ ಬಿಡ್ರಿ. ನನ್ನ ಪಾಪಕ್ಕ ಕ್ಷಮಾ ಐತೇನು?"

ತಂಗೀ, ಪಾಪದ ಮಾತು ಆಮ್ಯಾಲೆ. ಲಕ್ವಾ ಹೊಡದವರನ್ನ ತಾಸಿಗೊಮ್ಮೆ ಎರಡ ತಾಸಿಗೊಮ್ಮೆ ಮಗ್ಗಲು ಹೊರಳಿಸೂದು, ಬೆನ್ನಿಗೆ ಹುಣ್ಣಾಗದಂಗ ನೋಡ್ಕೊಳ್ಳೂದು, ಗಂಜಿ ಗಂಟಲಾಗ ಸಿಗಬೀಳದಂಗ ಚಮಚದಲೆ ಇಷ್ಟಿಷ್ಟ ಹಾಕೂದು, ಹೊಲಸು ಬಳದು ಮೈ ಒರಸೂದು, ಇದೆಲ್ಲಾ ಮಾಡಿದವರಿಗಷ್ಟ ಗೊತ್ತು. ನೀ ಅದನ್ನ 'ಎಲ್ಲಾ ನಾನ ಮಾಡ್ದೆ' ಅಂತ ಮುಗಿಸಿಬಿಟ್ಟು ಒಂದು ರಾತ್ರಿ ತಲಿಯಾಗ ಬಂದು ಹೋದ ಒಂದು ಮಾತಿನ ಮ್ಯಾಲೆ ಪಾನಗಟ್ಟಲೆ ಬರದೀ, ಪಾಟ್ಲಿಗೆ ಮಾತ್ರ ಒಂದ ಸಾಲು, ಅದೂ 'ಬಿಡ್ರಿ' ಅಂತ. ನಿನ್ನ ಲೆಕ್ಕ ಉಲ್ಟಾ ಆಗೇತಿ ಅಂತ ನನಗ ಖರೇನ ಅನಿಸ್ತೈತಿ.

ಮೊದಲ ಆ ರಾತ್ರಿದು ತಗೊಳ್ಳೂಣು. ಒಂದು ಪಾಪ ಮಾರಕ ಪಾಪ ಆಗಬೇಕಂದ್ರ ಮೂರೂ ಕೂಡಿ ಬರಬೇಕು ಅಂತ ಕ್ಯಾಥೊಲಿಕ್ ಸಭೆ ಕಲಿಸ್ತೈತಿ. ವಿಷಯ ಗಂಭೀರ ಇರಬೇಕು, ಗಂಭೀರ ಐತಿ ಅನ್ನೂದು ಮಾಡೂವಾಗ ಪೂರಾ ಗೊತ್ತಿರಬೇಕು, ಗೊತ್ತಿದ್ದೂ ಮನಸಾರೆ ಒಪ್ಪಿ ಮಾಡಿರಬೇಕು. ಮಾರಕ ಪಾಪ ಒಳಗಿರೂ ದೇವರ ಪ್ರೀತಿನ ಕೊಲ್ತೈತಿ, ಲಘು ಪಾಪ ಅದನ್ನ ಗಾಯ ಮಾಡ್ತೈತಿ, ಇದು ನಿಮಗ ಕ್ಲಾಸಿನಾಗ ಹೇಳಿರ್ತಾರ. ಆದ್ರ ಸಿಟ್ಟು, ಆಯಾಸ, ಭಾವನೆಯ ರಭಸ ಇವೆಲ್ಲಾ ಒಪ್ಪಿಗಿನ ಕಮ್ಮಿ ಮಾಡ್ತಾವು ಅಂತನೂ ಸಭೆನ ಹೇಳೇತಿ, 1992ರಾಗ ಬಂದ ದೊಡ್ಡ ಕ್ಯಾಟಿಕಿಸಂ ಪುಸ್ತಕದಾಗನ ಐತಿ, ಇದನ್ನ ಯಾಕೋ ಕ್ಲಾಸಿನಾಗ ಅಷ್ಟು ಒತ್ತಿ ಹೇಳಂಗಿಲ್ಲ. ಒಬ್ಬರು ಸಾಯಲಿ ಅನ್ನೂದು ಗಂಭೀರ ವಿಷಯ ಹೌದು. ನೀ ಒಪ್ಪಿದ್ದೇನು? ಹಂಗ ಅಂದ ಮ್ಯಾಲೆ ಏನು ಮಾಡ್ದಿ? ಚಾದರ ಬದಲಿ ಮಾಡ್ದಿ! ಗುಳಿಗಿ ತಪ್ಪಿಸ್ಲಿಲ್ಲ, ನೀರು ಕೊಡೂದು ಬಿಡ್ಲಿಲ್ಲ, ಮರುದಿನ ಮತ್ತ ಗಂಜಿ ಕಾಸಿದಿ. ತಲಿಯೊಳಗ ಬಂದ ಮಾತು ಒಂದು ದಿಕ್ಕಿಗೆ ಹೋಯ್ತು, ನಿನ್ನ ಕೈ ಇನ್ನೊಂದು ದಿಕ್ಕಿಗೆ ಹೋದ್ವು. ಒಪ್ಪಿಗಿ ಕೈಯಾಗ ಇತ್ತು ತಂಗಿ.

ಹಳೇ ಕಾಲದ ಸಭೆಯ ದೊಡ್ಡ ಗುರು ಸಂತ ಅಗಸ್ಟೀನ್, ಯೇಸುಸ್ವಾಮಿಯ ಪರ್ವತಪ್ರಸಂಗದ ಮ್ಯಾಲೆ ಬರೀವಾಗ ಪಾಪಕ್ಕ ಮೂರು ಮೆಟ್ಟಿಲು ಹೇಳ್ತಾರ. ಮೊದಲ ವಿಚಾರ ಬರ್ತೈತಿ, ಆಮ್ಯಾಲೆ ಅದು ರುಚಿ ಹತ್ತತೈತಿ, ಕಡೀಕ ಮನಸ್ಸು ಹೂಂ ಅಂತೈತಿ. ಏದೆನ್ ತೋಟದ ಕಥಿಯಾಗೂ ಹಂಗ, ಹಾವು ಹೇಳಿತು, ಹವ್ವಳಿಗೆ ಹಣ್ಣು ಆಸೆ ಹುಟ್ಟಿಸ್ತು, ಆದಾಮ ಒಪ್ಪಿ ತಿಂದ. ವಿಚಾರ ಬರೂದು ನಮ್ಮ ಕೈಯಾಗಿಲ್ಲ, ಆದಾಮನಿಂದ ಬಂದ ಜನ್ಮಪಾಪದಿಂದ ಮನುಷ್ಯಾನ ಮನಸ್ಸು ಕೆಟ್ಟದ್ದರ ಕಡೆ ವಾಲಿರ್ತೈತಿ, ಜ್ಞಾನಸ್ನಾನ ಆದ ಮ್ಯಾಲೂ ಆ ವಾಲೂ ಗುಣ ಉಳೀತೈತಿ, ಆದ್ರ ವಾಲೂದ ಪಾಪ ಅಲ್ಲ ಅಂತ ಕ್ಯಾಥೊಲಿಕ್ ಬೋಧನೆ. ನಿಮ್ಮವ್ವನ ಕಡೆ, ಪ್ರೊಟೆಸ್ಟಂಟ್ ಗುರುಗಳಾದ ಲೂಥರ್ ಕ್ಯಾಲ್ವಿನ್ ಪರಂಪರೆಯವ್ರು ಆ ಗುಣಾನೂ ಪಾಪ ಅಂತನ ಕರೀತಾರ, ಇಲ್ಲಿ ಇಬ್ಬರಿಗೂ ಖರೇ ವ್ಯತ್ಯಾಸ ಐತಿ, ಮುಚ್ಚಿಡಂಗಿಲ್ಲ. ಆದ್ರ ಅವ್ರೂ ಅದು ಕ್ರಿಸ್ತನಾಗ ಇದ್ದವರ ಮ್ಯಾಲೆ ಶಿಕ್ಷೆಯಾಗಿ ಬೀಳಂಗಿಲ್ಲ ಅಂತಾರ, ರೋಮಾಪುರದವರಿಗೆ ಬರದ ಪತ್ರದ 8ನೇ ಅಧ್ಯಾಯ ಶುರು ಆಗೂದ ಆ ಮಾತಿನಿಂದ.

ಮೋಶೆ ಒಮ್ಮೆ ಏನಂದ ಗೊತ್ತೇನು? ಬೈಬಲ್‌ನ ಅರಣ್ಯಕಾಂಡ 11ನೇ ಅಧ್ಯಾಯ ತಗದು ಓದು. ಇಷ್ಟು ಜನರ ಭಾರ ನಾ ಒಬ್ಬನ ಹೊರಾಕ ಆಗಂಗಿಲ್ಲ, ಹಿಂಗ ಮಾಡೂದಾದ್ರ ನನ್ನ ಕೊಂದುಬಿಡು ಅಂತ ದೇವರ ಮುಂದನ ಅಂದ. ದೇವರು ಮೋಶೆಗೆ ಬೈಲಿಲ್ಲ, ಭಾರ ಹಂಚಿಕೊಳ್ಳಾಕ 70 ಮಂದಿ ಹಿರಿಯಾರನ್ನ ಕೊಟ್ಟ. ನಿನ್ನ ಭಾರ ಹಂಚಿಕೊಳ್ಳಾಕ ಯಾರು ಬಂದ್ರು? ನಿಮ್ಮ ಮನಿಯವ್ರು ಎಷ್ಟು ರಾತ್ರಿ ಎದ್ರು? ಇದನ್ನ ಕೇಳೂ ಹಕ್ಕು ನಿನಗ ಐತಿ, ಈಗ ಅವ್ರು ಪಾಟ್ಲಿ ವಿಷಯದಾಗ ಸುಮ್ನಿರು ಅಂತಾರಲ್ಲಾ, ಆವಾಗ ನೆನಪು ಮಾಡ್ಕೋ.

ಮತ್ತ ನೀ ಅಂದದ್ದಕ್ಕ ಅತ್ತಿಯವ್ರು ಹೋದ್ರು ಅಂತ ದಯವಿಟ್ಟು ತಿಳ್ಕೋಬ್ಯಾಡ. ಲಕ್ವಾ ಹೊಡದು ನುಂಗಾಕ ಬರದವ್ರಿಗೆ, ಹಾಸಿಗಿ ಹಿಡದವ್ರಿಗೆ ನ್ಯುಮೋನಿಯಾ ಆಗೂದು ಭಾಳ, ಯಾವ ಡಾಕ್ಟರ್ ಕೇಳಿದ್ರೂ ಹೇಳ್ತಾರ. ಸಿಲೋವದ ಗೋಪುರ ಬಿದ್ದು 18 ಮಂದಿ ಸತ್ತಾಗ ಅವರು ಉಳಿದವರಕಿಂತ ದೊಡ್ಡ ಪಾಪಿಗಳಾ ಅಂತ ಕೇಳಿ ಯೇಸುಸ್ವಾಮಿನ ಅಲ್ಲ ಅಂದ್ರು. ಸಾವಿಗೆ ಪಾಪದ ಗಂಟು ಹಾಕೂದನ್ನ ಅವ್ರು ಒಪ್ಪಲಿಲ್ಲ, ನಾವು ಯಾಕ ಹಾಕಬೇಕು.

ಈಗ ನೀ ಹಿಡದ ವಚನಕ್ಕ ಬರ್ತೀನಿ, ಮತ್ತಾಯ 5ನೇ ಅಧ್ಯಾಯ. ಸಹೋದರನ ಮ್ಯಾಲೆ ಸಿಟ್ಟು ಮಾಡಿದವನೂ ನ್ಯಾಯತೀರ್ಪಿಗೆ ಗುರಿ ಆಗ್ತಾನ ಅಂತ 22ನೇ ವಚನದಾಗ ಐತಿ, ಹೌದು, ಅದನ್ನ ನಾ ನೀರು ಹಾಕಿ ತೆಳ್ಳಗ ಮಾಡಾಕ ಹೋಗಂಗಿಲ್ಲ. ಒಳಗ ಇಟ್ಕೊಂಡು ಸಾಕಿದ ಸಿಟ್ಟು, ಇನ್ನೊಬ್ಬರನ್ನ ಕಾಲಕಸ ಮಾಡೂ ಸಿಟ್ಟು ಕೊಲಿಯ ತಮ್ಮನ. ಆದ್ರ ನೀ ಅಲ್ಲೇ ಓದೂದು ನಿಲ್ಲಿಸೀದಿ. ಮುಂದಿನ ಎರಡು ವಚನ ಓದು. ನೀನು ಬಲಿಪೀಠದ ಹತ್ರ ಕಾಣಿಕೆ ಒಯ್ದಾಗ ನಿನ್ನ ಸಹೋದರನಿಗೆ ನಿನ್ನ ಮ್ಯಾಲೆ ಏನೋ ಐತಿ ಅಂತ ನೆನಪಾದ್ರ, ಕಾಣಿಕೆ ಅಲ್ಲೇ ಬಿಟ್ಟು ಮೊದಲ ಹೋಗಿ ಅವನ ಕೂಡ ಸರಿ ಮಾಡ್ಕೊ, ಆಮ್ಯಾಲೆ ಬಂದು ಕಾಣಿಕೆ ಕೊಡು. ಸತ್ತ ಅತ್ತಿ ಕೂಡ ಸರಿ ಮಾಡ್ಕೊ ಅಂತ ಅಲ್ಲಿ ಇಲ್ಲ, ಬದುಕಿದ್ದವರ ಕಡೆ ಹೋಗು ಅಂತ ಐತಿ. ನಿನಗ ಯಾರ ಫೋನ್ ಬಂದ್ರ ಎದಿ ಧಸಕ್ ಅಂತೈತಿ ಅನ್ನೂದನ್ನ ನೀನ ಬರದೀ.

ಪೂಜಿ ಶುರುವಿನಾಗ ನಾವೆಲ್ಲಾ ಎದಿ ಬಡಕೊಂಡು ವಿಚಾರದಾಗ, ಮಾತಿನಾಗ, ಕೆಲಸದಾಗ, ಮಾಡಬೇಕಾದ್ದನ್ನ ಮಾಡದ ಬಿಟ್ಟದ್ರಾಗ ಪಾಪ ಮಾಡೀನಿ ಅಂತೀವಿ. ನೀ ವಿಚಾರದ ಪಾಪದಾಗನ ನಿಂತೀದಿ, ಕಡೀದು ನಿನಗ ಕೇಳಿಸೇ ಇಲ್ಲ. ಮಾಡಬೇಕಾದ ಒಳ್ಳೇದು ಗೊತ್ತಿದ್ದೂ ಮಾಡದವನಿಗೆ ಅದು ಪಾಪ, ಯಾಕೋಬನ ಪತ್ರ 4ನೇ ಅಧ್ಯಾಯ 17ನೇ ವಚನ. ಪಾಟ್ಲಿ ವಿಷಯದಾಗ ಮಾರಕ ಪಾಪದ ಆ ಮೂರೂ ಪ್ರಶ್ನೆ ಕೇಳ್ಕೊ. ನಾಕ ತೊಲಿ ಬಂಗಾರ ಇವತ್ತಿನ ರೇಟಿಗೆ ಲಕ್ಷಗಟ್ಟಲೆ, ಸಣ್ಣ ವಿಷಯ ಅಲ್ಲ. ಅತ್ತಿ ಏನು ಅಂದಿದ್ರು ಅಂತ ನಿನಗ ಗೊತ್ತು. ಒಪ್ಪಿಗಿ ಒಂದು ರಾತ್ರಿದಲ್ಲ, ಹತ್ತು ತಿಂಗಳು ದಿನಾ ಬೆಳಕು ಹರದಂಗ ಮುಂದುವರದೈತಿ. ಗಂಡನ ಅಂಜಿಕಿ ಇರಬಹುದು, ಅದು ನಿನ್ನ ಪಾಲಿನ ಹೊಣೆ ಎಷ್ಟು ಕಮ್ಮಿ ಮಾಡ್ತೈತಿ ಅನ್ನೂದನ್ನ ತೂಗೂದು ನನ್ನ ಕೆಲಸ ಅಲ್ಲ, ಅದು ನೀನು ಮತ್ತ ಫಾದರ್ ದೇವರ ಮುಂದ ಕುಂತು ನೋಡೂದು. ನಾ ಹೇಳೂದಿಷ್ಟ, ನಿನ್ನ ಪತ್ರದಾಗ ಖರೇ ಭಾರ ಇರೂದು ಆ ಸಾಲಿನಾಗ.

ಏಳು ಪಾಪದ ಬಗ್ಗೆ ಕೇಳೀದಿ, ಅದನ್ನೂ ಸ್ವಲ್ಪ ಬಿಡಸ್ತೀನಿ ಯಾಕಂದ್ರ ಭಾಳ ಮಂದಿ ಇಲ್ಲಿ ಎಡವ್ತಾರ. ನಾಲ್ಕನೇ ಶತಮಾನದಾಗ ಈಜಿಪ್ಟಿನ ಮರುಭೂಮಿಯಾಗಿದ್ದ ಎವಾಗ್ರಿಯಸ್ ಅನ್ನೂ ಸನ್ಯಾಸಿ ಮನಸ್ಸು ಕೆಡಸೂ ಎಂಟು ವಿಚಾರ ಅಂತ ಪಟ್ಟಿ ಮಾಡಿದ್ರು, ಆರನೇ ಶತಮಾನದಾಗ ಪೋಪ್ ಗ್ರೆಗೊರಿ ಅದನ್ನ ಏಳಕ್ಕ ತಂದ್ರು, ಈಗ ಹೇಳೂದು ಅಹಂಕಾರ, ದುರಾಸೆ, ಹೊಟ್ಟಿಕಿಚ್ಚು, ಸಿಟ್ಟು, ಕಾಮ, ಹೊಟ್ಟಿಬಾಕತನ, ಆಲಸ್ಯ. ಇವು ಏಳು ಮಾರಕ ಪಾಪ ಅಂತಲ್ಲ, ಸಿಟ್ಟು ಬಂದ ತಕ್ಷಣ ನರಕ ಅಂತಲ್ಲ. ಹೊಲದಾಗಿನ ಕರಿಕಿ ಬೇರು ಇದ್ದಂಗ ಇವು, ಮ್ಯಾಲಿಂದು ಕಿತ್ತಿದ್ರೂ ಒಳಗಿಂದ ಹೊಸ ಹೊಸ ಪಾಪ ಚಿಗರಸ್ತಾವು. ನಿನ್ನ ಮನಿಯಾಗ ಈಗ ಚಿಗರಾಕತ್ತಿದ್ದು ಸಿಟ್ಟಿನ ಬೇರಲ್ಲ, ದುರಾಸೆದು. ಅದು ಸಿಟ್ಟಿನಂಗ ಗದ್ದಲ ಮಾಡಂಗಿಲ್ಲ, ತಿಜೋರಿಯಾಗ ಸುಮ್ನ ಕುಂತಿರ್ತೈತಿ.

ನಿಮ್ಮವ್ವ ಹೇಳಿದ್ದೂ ಸುಳ್ಳಲ್ಲ. ಪ್ರೊಟೆಸ್ಟಂಟ್ ಧರ್ಮಪ್ರಚಾರಕರಾದ ಬಾಸೆಲ್ ಮಿಶನ್ನಿನವ್ರು 1851ರಾಗ ಗುಳೇದಗುಡ್ಡಕ್ಕ ಬಂದಾಗಿಂದ ಆ ಸಭೆಯಾಗ ಕಲಿಸಿದ್ದು ಪಾಪದ ಸಂಬಳ ಮರಣ, ಯಾವ ಪಾಪನೂ ಹಗುರ ಅಂತ ತಗೋಬ್ಯಾಡ, ಎಲ್ಲಾ ಪಾಪಕ್ಕೂ ಕ್ರಿಸ್ತನ ರಕ್ತನ ಬೇಕು ಅಂತ. ಅಂದ್ರ ಎಲ್ಲಾ ಪಾಪದ ತೂಕ ಒಂದ ಅಂತ ಅಲ್ಲ. ಯೇಸುಸ್ವಾಮಿ ತೀರ್ಪು ಕೊಡೂ ರೋಮನ್ ಅಧಿಕಾರಿ ಪಿಲಾತನ ಮುಂದ ನಿಂತು, ನನ್ನ ನಿನ್ನ ಕೈಗೆ ಒಪ್ಪಿಸಿದವನ ಪಾಪ ಹೆಚ್ಚಿಂದು ಅಂದ್ರು, ಯೋಹಾನ 19ರಾಗ ಐತಿ. ಮರಣಕ್ಕ ಒಯ್ಯೂ ಪಾಪ ಐತಿ, ಒಯ್ಯದ ಪಾಪನೂ ಐತಿ ಅಂತ ಯೋಹಾನನ ಮೊದಲನೇ ಪತ್ರದ 5ನೇ ಅಧ್ಯಾಯ ಹೇಳ್ತೈತಿ. ಈ ವಚನ ಅವ್ವನ ಬೈಬಲ್‌ನ್ಯಾಗೂ ಐತಿ, ಅತ್ತಿ ಬೈಬಲ್‌ನ್ಯಾಗೂ ಐತಿ. ಎರಡೂ ಕಡೆ ಕೇಳಿದ್ರೂ ಪಾಟ್ಲಿ ಕೊಡು ಅಂತನ ಹೇಳ್ತಾರ.

ಒಂದು ಮಾತು ಹೇಳ್ತೀನಿ, ಮನಸ್ಸಿಗೆ ಹಚ್ಕೋಬ್ಯಾಡ. ಅತ್ತಿ ತೀರ್ಕೊಂಡಾರ, ಆ ತಪ್ಪಿಗೆ ಈಗ ನಿನ್ನಿಂದ ಯಾರೂ ಏನೂ ಕೇಳಂಗಿಲ್ಲ, ಅದಕ್ಕ ಎಷ್ಟು ಅತ್ರೂ ನಡೀತೈತಿ. ಪಾಟ್ಲಿ ಹಂಗಲ್ಲ, ಅದು ಗಂಡನ ಕೂಡ ಜಗಳ ಕೇಳ್ತೈತಿ, ನಾದಿನಿ ಮುಂದ ತಲಿ ತಗ್ಗಸೂದನ್ನ ಕೇಳ್ತೈತಿ, ಬಂಗಾರನೂ ಕೇಳ್ತೈತಿ. ಮನಸ್ಸು ಕೊಡಬೇಕಾದ ಸಾಲ ಬಿಟ್ಟು ಕೊಡಾಕ ಬರಲಾರದ ಸಾಲ ಹಿಡ್ಕೊಂಡು ಕುಂತಿರ್ತೈತಿ, ನಿನ್ನೊಬ್ಬಾಕಿದ ಅಲ್ಲ, ನಮ್ಮೆಲ್ಲಾರ್ದೂ.

ಬರದಿಟ್ಟಿಲ್ಲ ಅಂತ ನಿಮ್ಮ ಮನಿಯವ್ರು ಅಂತಾರಲ್ಲಾ, ಬಾಯಿಮಾತು ಮೃತ್ಯುಪತ್ರ ಆಗಂಗಿಲ್ಲ ಅನ್ನೂದು ಖರೇ. ಆದ್ರ ಕ್ರಿಶ್ಚನ್ನರಿಗೆ ಹತ್ತೂದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಮೃತ್ಯುಪತ್ರ ಇಲ್ಲದ ತಾಯಿ ಹೋದ್ರ, ಗಂಡನೂ ಮೊದಲ ಹೋಗಿದ್ರ, ಮಗ ಮಗಳು ಇಬ್ಬರಿಗೂ ಸಮ ಪಾಲು. ಅಂದ್ರ ಕಾನೂನು ಹಿಡದ್ರೂ ಅರ್ಧ ಆಕಿದ, ಪೂರ್ತಿ ಇಟ್ಕೊಳ್ಳಾಕ ಯಾವ ದಾರಿನೂ ಇಲ್ಲ. ಇನ್ನರ್ಧ ತಾಯಿ ಮಾತಿಗೆ ಬಿಟ್ಟದ್ದು. ಸುಂಕ ವಸೂಲಿ ಮಾಡೂ ಜಕ್ಕಾಯನ ಮನಿಗೆ ಯೇಸು ಬಂದ ದಿನ ಅವ ಅತ್ತುಕೊಂಡು ಕುಂಡ್ರಲಿಲ್ಲ, ಮೋಸದಿಂದ ತಗೊಂಡಿದ್ದನ್ನ ನಾಕರಷ್ಟು ತಿರುಗಿ ಕೊಡ್ತೀನಿ ಅಂದ. ತಗೊಂಡದ್ದನ್ನ ಕೊಡಾಕ ಸಾಧ್ಯ ಇದ್ದೂ ಕೊಡಲಿಲ್ಲಂದ್ರ ಪಶ್ಚಾತ್ತಾಪ ಬರೇ ನಾಟಕ ಅಂತ ಅಗಸ್ಟೀನ್ ಒಂದು ಪತ್ರದಾಗ ಖಡಕ್ಕಾಗಿ ಬರದಾರ, ಇವತ್ತಿಗೂ ಸಭೆ ಅದನ್ನ ಬಿಟ್ಟಿಲ್ಲ.

ಪಾಪನಿವೇದನೆಗೆ ಈ ಶನಿವಾರನ ಹೋಗು. ಅಲ್ಲಿ ಕೇಳಿದ್ದನ್ನ ಫಾದರ್ ಯಾರ ಮುಂದೂ ಬಾಯಿ ಬಿಡಂಗಿಲ್ಲ, ನಿನ್ನ ಗಂಡನ ಮುಂದಂತೂ ಇಲ್ಲ, ಬೇಕಂತ ಬಾಯಿ ಬಿಟ್ರ ಸಭೆಯಿಂದನ ಬಹಿಷ್ಕಾರ ಆಗ್ತೈತಿ, ಅಷ್ಟು ಬಿಗಿ ಕಾನೂನು ಅದು. ಆದ್ರೂ ಸಂಕೋಚ ಆದ್ರ ಗುರ್ತು ಇರದ ಬ್ಯಾರೆ ಚರ್ಚಿಗೆ ಹೋಗು, ಕನ್ನಡದಾಗನ ಹೇಳು, ಇಂಗ್ಲಿಷ್ ಕೊಂಕಣಿ ಅಂತ ತಡವರಿಸಬ್ಯಾಡ. ಆ ರಾತ್ರಿ ಅಂದದ್ದನ್ನೂ ಹೇಳು, ಒಮ್ಮೆ ಹೇಳು ಸಾಕು, ಪಾಪವಿಮೋಚನೆ ಆದ ಮ್ಯಾಲೆ ಅದನ್ನ ಮತ್ತ ಮತ್ತ ತಗದು ಕೆದರಬ್ಯಾಡ. ಸ್ಪೇನಿನ ಮನ್ರೇಸಾ ಊರಾಗ, ಯೇಸುಸಭೆ ಕಟ್ಟಿದ ಸಂತ ಇಗ್ನೇಷಿಯಸ್‌ಗೂ ಹಿಂಗ ಆಗಿತ್ತು, ಹೇಳಿದ ಪಾಪನ ಮತ್ತ ಮತ್ತ ಹೇಳಿ ಜೀವ ಕಳ್ಕೊಳ್ಳೂ ಮಟ್ಟಕ್ಕ ಹೋಗಿದ್ರು, ಹಳೇದನ್ನ ಇನ್ನ ಹೇಳಂಗಿಲ್ಲ ಅಂತ ನಿರ್ಧಾರ ಮಾಡಿದ ಮ್ಯಾಲೆ ಬಿಡುಗಡೆ ಆತು. ಪಾಟ್ಲಿ ಕೊಡ್ತೀನಿ ಅನ್ನೂ ನಿರ್ಧಾರ ಮಾಡ್ಕೊಂಡ ಹೋಗು. ಹೋಗಿ ಬಂದು ಪರಮಪ್ರಸಾದ ತಗೋ, ಪೌಲ ಕೊರಿಂಥದವರಿಗೆ ಬರದದ್ದು ತನ್ನನ್ನ ಪರೀಕ್ಷೆ ಮಾಡ್ಕೊಂಡು ತಿನ್ನಲಿ ಅಂತ, ಪರೀಕ್ಷೆ ಮಾಡ್ಕೊಂಡು ಜನ್ಮಪೂರ್ತಿ ದೂರ ಕುಂಡ್ರಲಿ ಅಂತಲ್ಲ.

ಮನಿಯವ್ರ ಕೂಡ ಮಾತಾಡೂವಾಗ ಪಾಪ ನರಕ ಅಂತ ಶುರು ಮಾಡಬ್ಯಾಡ. 'ನಿಮ್ಮವ್ವನ ಮಾತು, ನಿಮ್ಮ ತಂಗಿದು, ನನ್ನ ಕೈಲೆ ಇಟ್ಕೊಳ್ಳಾಕ ಆಗವಲ್ದು, ಇಬ್ಬರೂ ಕೂಡಿ ಹೋಗಿ ಕೊಟ್ಟು ಬರೂಣು' ಅನ್ನು. ಕೇಳಲಿಲ್ಲಂದ್ರ ಅವ್ರಿಗೆ ಗೊತ್ತಿಲ್ದಂಗ ಒಯ್ದು ಕೊಡೂದು ಮಾತ್ರ ಬ್ಯಾಡ, ಮನಿಯಾಗ ಇನ್ನೊಂದು ಬೆಂಕಿ ಹತ್ತತೈತಿ. ಅವ್ರು ಮಾತು ಕೇಳೂ ಹಿರಿಯಾರು ಯಾರರೆ ಇದ್ರ ಅವ್ರನ್ನ ನಡುವ ತಗೋ. ನಾದಿನಿಗೆ ನೀನ ಫೋನ್ ಮಾಡಿ ಅವ್ವ ನಿನಗಂತ ಇಟ್ಟಿದ್ದು ನಮ್ಮ ಹತ್ರ ಐತಿ, ತಡ ಆತು ಅಂತ ಹೇಳು. ಆಕಿ ಸಿಟ್ಟಿಗೆದ್ದು ಎರಡ ಮಾತು ಅಂದ್ರ ಅನ್ನಿಸ್ಕೋ, ಎದರುತ್ತರ ಕೊಡಬ್ಯಾಡ.

ಇಷ್ಟೆಲ್ಲಾ ಆದ ಮ್ಯಾಲೂ ಆ ರಾತ್ರಿ ನೆನಪಾಗಿ ನಿದ್ದಿ ಬರ್ಲಿಲ್ಲಂದ್ರ, ಊಟ ಸೇರ್ಲಿಲ್ಲಂದ್ರ, ಅದು ಪಾಪದ ವಿಷಯ ಅಲ್ಲ, ಎರಡು ವರ್ಷ ಸವದ ಮೈ ಮನಸ್ಸಿನ ವಿಷಯ. ಮನಸ್ಸಿನ ಆರೋಗ್ಯದ ಸರಕಾರಿ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಮಾಡು, ದುಡ್ಡು ಹತ್ತಂಗಿಲ್ಲ, ಕನ್ನಡದಾಗ ಮಾತಾಡ್ತಾರ, ಇಲ್ಲಂದ್ರ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆಗೆ ಹೋಗಿ ಒಮ್ಮೆ ತೋರ್ಸು. ನಾದಿನಿ ಏನಂದ್ಲು ಅಂತ ನನಗ ಬರದು ತಿಳಸು.