ಪ್ರಾರ್ಥನೆಗೆ ಮಾತೇ ಬಾರದಾಗ

ಪ್ರಶ್ನೆ: ಅಪ್ಪ ಐಸಿಯುನಲ್ಲಿದ್ದಾರೆ. ಪ್ರಾರ್ಥನೆಗೆ ಕೂತರೆ ದೇವರ ಮೇಲೆ ಸಿಟ್ಟೇ ಬರುತ್ತದೆ. ಫಾದರ್ ಬಂದು ಎಣ್ಣೆ ಹಚ್ಚಲಿ ಎಂದರೆ ಅಮ್ಮ ಹೆದರುತ್ತಾರೆ. ಏನು ಮಾಡಲಿ?

ಉತ್ತರ: ಸಿಟ್ಟು ಬಂತೆಂದು ನಂಬಿಕೆ ಹೋಯಿತೆನ್ನಬೇಡಿ. ಸತ್ಯವೇದದ (ಬೈಬಲ್‌ನ) 13ನೇ ಕೀರ್ತನೆ ತೆಗೆಯಿರಿ, ಇರುವುದೇ ಆರು ವಚನ. ಮೊದಲೆರಡರಲ್ಲಿ 'ಎಷ್ಟರವರೆಗೆ' ಎಂಬ ದೂರು ನಾಲ್ಕು ಬಾರಿ ಬರುತ್ತದೆ, ಮುಂದಿನೆರಡರಲ್ಲಿ ಬೇಡಿಕೆ, ಭರವಸೆಯ ಮಾತು ಕೊನೆಗೆ. ಬಹಳ ಜನ ಎಡವುವುದು ಇಲ್ಲೇ: ದೂರನ್ನು ನುಂಗಿಕೊಂಡು ನೇರ ಸ್ತೋತ್ರಕ್ಕೆ ಹಾರುತ್ತಾರೆ, ಆಮೇಲೆ ಬಾಯಿ ಕಟ್ಟುತ್ತದೆ. ಮೆಲುದನಿಯಲ್ಲಿ, ನಿಧಾನವಾಗಿ ಓದಿ. ಇವತ್ತು ದೂರಿನಲ್ಲೇ ನಿಂತರೂ ಸರಿ. 88ನೇ ಕೀರ್ತನೆ ಮುಗಿಯುವುದೂ ಕತ್ತಲೆಯಲ್ಲೇ.

ಅಮ್ಮನ ಹೆದರಿಕೆ ಹಳೆಯದು. ರೋಗಿಗಳ ಅಭ್ಯಂಗ, ಅಂದರೆ ಫಾದರ್ ಪ್ರಾರ್ಥಿಸಿ ಎಣ್ಣೆ ಹಚ್ಚುವ ಸಂಸ್ಕಾರ, ಸಾಯುವವರಿಗೆ ಮಾತ್ರ ಅಲ್ಲ, ಗಂಭೀರ ಕಾಯಿಲೆಗೆ ಸಾಕು; ಚೇತರಿಸಿಕೊಂಡು ಮತ್ತೆ ಹದಗೆಟ್ಟರೆ ಮತ್ತೆ ಪಡೆಯಬಹುದು. ಹಣೆಗೂ ಅಂಗೈಗಳಿಗೂ ಎಣ್ಣೆ ಹಚ್ಚುತ್ತಾರೆ, ಹೆಚ್ಚು ಹೊತ್ತೇನೂ ಹಿಡಿಯದು. ಅಪ್ಪನಿಗೆ ಪ್ರಜ್ಞೆ ಇರುವಾಗಲೇ ಕರೆಸಿದರೆ ಅವರೂ 'ಆಮೆನ್' ಎನ್ನಬಹುದು. ಡ್ಯೂಟಿ ನರ್ಸಿಗೆ ಮೊದಲೇ ತಿಳಿಸಿ. ಆಕ್ಸಿಜನ್ ಇರುವಲ್ಲಿ ಮೇಣದಬತ್ತಿ ಮಾತ್ರ ಬೇಡ.